ಮುಂಜಾನೆ ಬಿಗಿಯುವ ಸ್ಟೇರಿಂಗು

“ಸ್ಟೇರಿಂಗ್ ಮತ್ತ ಬಿಗಿ ಆಗ್ಯಾದ ತಮ್ಮಾ” ಅಂತ ಡ್ರೈವರ್ ಕಾಕಾ ಮೂರನೇ ಸಲ ಬಂದು ನಿಂತಾಗ ನನಗೆ ಪಿತ್ತ ನೆತ್ತಿಗೇರಿತು. ಅವರ ಮಿನಿ ಬಸ್ಸಿಗೆ ಮೊದಲನೇ ಸಲ ಬೆಲ್ಟು ಬಿಗಿ ಮಾಡಿ ಎಣ್ಣೆಯೊಳಗಿನ ಹವಾ ತೆಗೆದಿದ್ದೆ. ಎರಡನೇ ಸಲ ಹೊಸ ಪಂಪನ್ನೇ ಕೂಡಿಸಿ ಕಳಿಸಿದ್ದೆ, ಅದಾಗಿ ಇನ್ನೂ ಹತ್ತು ದಿನ ಆಗಿರಲಿಲ್ಲ. ಇನ್ನು ನನ್ನ ತಲೆ ಬಿಚ್ಚಿ ಒಳಗೆ ಹಾಕಬೇಕೇನು ಅನಿಸಿತು. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಬಿಸಾಕಿ ಎದ್ದು ಹೋದೆ. ಎಂಜಿನ್ ಚಾಲೂ ಇತ್ತು. ಕಿಟಕಿಯಿಂದ ಕೈ ಹಾಕಿ ಒಂದೇ ಬೆರಳಿನಿಂದ ಸ್ಟೇರಿಂಗನ್ನು ಈ ಕಡೆ ಆ ಕಡೆ ತಿರುಗಿಸಿ ತೋರಿಸಿದೆ.

“ನೋಡ್ರಿ ಕಾಕಾ, ಒಂದ್ ಬೆರಳು. ಎಲ್ಲಿ ಅದ ಬಿಗಿ?”

ಕಾಕಾ ನೋಡಿದರು. ಎಡಗೈಯ ಅಂಗಿ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡರು. “ಹಂಗಾದ್ರ ನನ್ನ ಕೈಯ್ದೇ ಬಿಡು” ಅಂದರು.

ನನ್ನ ಗ್ಯಾರೇಜು ಸೇಡಂ ಊರ ಹೊರಗೆ ಇದೆ. ಸ್ಟೇರಿಂಗು, ಬ್ರೇಕು, ಟಿಪ್ಪರಿನ ಜಾಕು, ಹೀಗೆ ಎಣ್ಣೆಯ ಜೋರಿನ ಮೇಲೆ ನಡೆಯುವುದೆಲ್ಲ ನನ್ನ ಕೆಲಸ. ಕಾಕಾನ ಮಿನಿ ಬಸ್ಸು ದಿನಾ ಮುಂಜಾನೆ ಚಿಮ್ಮನಚೋಡದಿಂದ ಹೊರಟು ಸುಲೇಪೇಟ ಹಾಯ್ದು ಸೇಡಂಗೆ ಬರುತ್ತಿತ್ತು. ಕಾಲೇಜಿನ ಹುಡುಗಿಯರು, ಅಂಗಡಿಗಳಲ್ಲಿ ದುಡಿಯುವವರು, ಇಬ್ಬರು ನರ್ಸಮ್ಮಂದಿರು ಅದರ ಖಾಯಂ ಮಂದಿ. ಬಸ್ಸಿನ ಮಾಲಕರು ಒಬ್ಬ ಹೆಣ್ಣುಮಗಳು. ಗಂಡ ತೀರಿದ ಮೇಲೆ ವ್ಯವಹಾರ ತಾವೇ ಕೈಗೆ ತಗೊಂಡವರು. ನಾವೆಲ್ಲ ಅವರಿಗೆ ಅಕ್ಕೋರು ಅಂತೀವಿ. ಮಾತು ಖಡಕ್, ಮನಸ್ಸು ಹಾಗಲ್ಲ. ಐದು ತಿಂಗಳ ಹಿಂದೆ ಕಾಕಾ ಬಸ್ಸಿನ ಮೇಲೆ ಹತ್ತಿ ಲಗೇಜು ಕಟ್ಟುವಾಗ ಬಿದ್ದು ಎಡಗೈ ಮುರಿದುಕೊಂಡರು. ಕಲಬುರಗಿಯ ದವಾಖಾನೆಯಲ್ಲಿ ಪ್ಲೇಟು ಹಾಕಿದರು. ನಾಲ್ಕು ತಿಂಗಳು ಅವರು ಮನೆಯಲ್ಲಿದ್ದರೂ ಅಕ್ಕೋರು ಬೇರೆ ಡ್ರೈವರನ್ನು ಖಾಯಂ ಮಾಡಿಕೊಳ್ಳದೆ, ಬದಲಿಯವನಿಂದ ಕೆಲಸ ತೂಗಿಸಿ ಕಾದಿದ್ದರು.

ಕಾಕಾ ತಿರುಗಿ ಬಂದ ವಾರದಿಂದಲೇ ಸ್ಟೇರಿಂಗಿನ ತಕರಾರು ಶುರುವಾಗಿತ್ತು. ನಾಲ್ಕು ತಿಂಗಳು ಬದಲಿಯವನು ಓಡಿಸಿದಾಗ ಇಲ್ಲದ ಬಿಗಿ ಇವರು ಬಂದ ಕೂಡಲೇ ಎಲ್ಲಿಂದ ಬಂತು? ತಪ್ಪು ಮುರಿದ ಕೈಯದು ಅಂತ ಲೆಕ್ಕ ಹಾಕಲು ಊರಿನವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದರ ಮೇಲೆ ಈ ಮೂರನೇ ಸಲದ ವಾರ ಇನ್ನೊಂದು ಆಗಿಹೋಗಿತ್ತು. ಚಿಮ್ಮನಚೋಡದ ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಗಾಡಿ ಪೂರ್ತಿ ತಿರುಗದೆ ಚಹಾದಂಗಡಿಯ ಕಂಬಕ್ಕೆ ಉಜ್ಜಿಕೊಂಡು ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಒಳಗಿದ್ದ ಹುಡುಗಿಯರು ಕಿರುಚಿದ್ದು ಅಕ್ಕೋರ ಮನೆಯವರೆಗೂ ಕೇಳಿತಂತೆ.

ಕಾಕಾ ನನ್ನ ಮುಂದೆ ನಿಂತಿದ್ದಾಗಲೇ ಅಕ್ಕೋರ ಫೋನ್ ಬಂತು. ಅವತ್ತು ಶನಿವಾರ. “ಮಿಸ್ತ್ರಿ, ಖರೇ ಹೇಳಪಾ. ಗಾಡಿದಾಗ ಏನರ ಅದ ಏನು?”

“ಗಾಡಿದಾಗ ಏನೂ ಇಲ್ರಿ ಅಕ್ಕೋರ. ಪ್ರೆಷರ್ ಬರಾಬರ್ ಅದ.”

“ಹಂಗಾದ್ರ ಸೋಮವಾರದಿಂದ ಬ್ಯಾರೆ ಡ್ರೈವರ್‌ಗೆ ಹೇಳ್ತೀನಿ. ನನಗೂ ಸಂಕಟ ಆಗ್ತದ. ಆದ್ರ ಮಂದಿ ಮಕ್ಕಳನ್ನ ಕುಂದ್ರಿಸಿಕೊಂಡು ಹೋಗೋ ಗಾಡಿ ಇದು.”

ಅವರದು ತಪ್ಪು ಅಂತ ಹೇಗೆ ಅನ್ನಲಿ? ಫೋನಿನ ಮಾತು ಕಾಕಾಗೆ ಪೂರ್ತಿ ಕೇಳಿಸಿತ್ತು. ಅವರ ವಯಸ್ಸಿಗೆ, ಪ್ಲೇಟು ಹಾಕಿದ ಕೈಗೆ, ಇನ್ನೊಬ್ಬರು ಸ್ಟೇರಿಂಗ್ ಕೊಡುವುದಿಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮುಖ ನೋಡಲಾಗದೆ ಚಹಾಕ್ಕೆ ಕರೆದುಕೊಂಡು ಹೋದೆ.

ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಕಾಕಾ ತಾವೇ ಮಾತು ತೆಗೆದರು. ಮನೆಯಲ್ಲಿ ಯಾರೂ ನೋಡದ ಹೊತ್ತಿಗೆ ಇಟ್ಟಂಗಿ ಎತ್ತಿ ಇಳಿಸಿ ಕೈ ಸಾಧಿಸುತ್ತಿದ್ದರಂತೆ. ಮೊದಲು ಒಂದು, ಈಗ ಎರಡು. “ಆದ್ರೂ ಮುಂಜಾನಿ ಥಂಡಿಗೆ ಒಳಗಿನ ಪ್ಲೇಟ್ ಸೆಳೀತದ ತಮ್ಮಾ. ಕೈ ಜೋಮು ಹಿಡೀತದ. ಸ್ಟೇರಿಂಗ್ ಎಳದ್ರ ಬರೂದೇ ಇಲ್ಲ. ಬಿಸಿಲು ಬಿದ್ದು ಸೇಡಂಗ ಬರೋ ಹೊತ್ತಿಗೆ ಹಗುರ ಆಗ್ತದ.”

“ಏನು ಹಗುರ ಆಗ್ತದ? ಕೈಯೋ, ಸ್ಟೇರಿಂಗೋ?”

“ಎರಡಕ್ಕ ಫರಕ್ ಏನದ?”

ನನ್ನ ಕೈಯ ಚಹಾದ ಕಪ್ಪು ಅಲ್ಲೇ ನಿಂತಿತು. ಫರಕ್ ಇದ್ದೇ ಇದೆ. ಮೂರು ಸಲವೂ ಈ ಗಾಡಿ ನನ್ನ ಹತ್ತಿರ ಬಂದದ್ದು ಅಷ್ಟು ದಾರಿ ಓಡಿದ ಮೇಲೆ, ಎಣ್ಣೆ ಕಾದ ಮೇಲೆ. ತಣ್ಣಗಿದ್ದಾಗ ಅದು ಹೇಗಿರುತ್ತದೆ ಅಂತ ನಾನು ಒಂದು ದಿನವೂ ನೋಡಿರಲಿಲ್ಲ. ಬಿಸಿ ಗಾಡಿಯ ಮೇಲೆ ಒಂದು ಬೆರಳಿಟ್ಟು ಆ ಮನುಷ್ಯನ ಕೈ ಸೋತಿದೆ ಅಂತ ತೋರಿಸಿಬಿಟ್ಟಿದ್ದೆ. ಎಂಥಾ ಶಾಣ್ಯಾ ನಾನು!

“ನಾಳಿಗಿ ನಾ ಬರ್ತೀನಿ ಕಾಕಾ. ನಾ ಬರೂತನ ಗಾಡಿ ಚಾಲೂ ಮಾಡಬ್ಯಾಡ್ರಿ. ಚಾವಿ ಸುದ್ದಾ ಮುಟ್ಟಬ್ಯಾಡ್ರಿ” ಅಂದೆ.

ಭಾನುವಾರ ಬಸ್ಸಿಗೆ ರಜೆ. ರದ್ದಿ ಅಂಗಡಿಯವನ ಹತ್ತಿರ ಒಂದು ಸ್ಪ್ರಿಂಗ್ ಕಾಂಟಾ ಕೇಳಿ ತಂದಿದ್ದೆ. ಕೆಳಗೆ ಕೊಂಡಿ, ಮೇಲೆ ಮುಳ್ಳು, ಹಳೇ ಪೇಪರ್ ಕಟ್ಟು ತೂಗುವಂಥದ್ದು. ಅದು, ಪಾನಾಗಳ ಚೀಲ, ಒಂದು ಮಾರು ಪಾರದರ್ಶಕ ಪ್ಲಾಸ್ಟಿಕ್ ಪೈಪು, ಇಷ್ಟು ಕಟ್ಟಿಕೊಂಡು ಬೈಕಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಚಿಮ್ಮನಚೋಡ ಮುಟ್ಟಿದೆ. ಕಿವಿ, ಮೂಗು ಎಲ್ಲ ಮರಗಟ್ಟಿದ್ದವು. ಅಕ್ಕೋರ ಮನೆ ಮುಂದಿನ ಅಂಗಳದಲ್ಲಿ ಬಸ್ಸು ಇಬ್ಬನಿ ಹೊದ್ದು ನಿಂತಿತ್ತು. ಕಾಕಾ ಮಫ್ಲರ್ ಸುತ್ತಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು, ಚಾವಿ ಮುಟ್ಟಿರಲಿಲ್ಲ.

ಚಾಲೂ ಮಾಡಿಸಿದೆ. ಎಂಜಿನ್ ಹಿಡಿದ ಕೂಡಲೇ ಬಾನೆಟ್ಟಿನ ಒಳಗಿನಿಂದ ಎತ್ತರದ ದನಿಯಲ್ಲಿ ಕುಂಯ್ ಅಂತ ಒಂದು ಕೂಗು ಎದ್ದಿತು. ರೇಸ್ ಕೊಟ್ಟರೆ ಇನ್ನೂ ಹೆಚ್ಚು.

“ಈ ಸಪ್ಪಳ ಅದ ಅಂತ ಒಂದ್ ಮಾತು ಹೇಳಬಾರದೇನ್ರಿ?” ಅಂತ ಕಾಕಾ ಮೇಲೆ ಹರಿಹಾಯ್ದೆ.

“ಹೊಸ ಪಂಪು ಹತ್ತು ದಿನ ಹಂಗೇ ಕೂಗ್ತದ ಅಂತ ನೀನೇ ಹೇಳಿದ್ದೆಲ್ಲೋ!”

ಹೌದು, ನಾನೇ ಹೇಳಿದ್ದೆ. ಕಾಂಟಾ ತೆಗೆದೆ.

ಕಾಂಟಾದ ಕೊಂಡಿಯನ್ನು ಸ್ಟೇರಿಂಗಿನ ಅಂಚಿಗೆ ಸಿಕ್ಕಿಸಿ ಎಳೆಯಬೇಕು. ಚಕ್ರ ತಿರುಗಲು ಶುರುವಾದಾಗ ಮುಳ್ಳು ಎಲ್ಲಿದೆ ಅಂತ ನೋಡಬೇಕು. ನಾನು ಬಲಗೈಯಿಂದ ಎಳೆದೆ: ಹದಿಮೂರು ಕಿಲೋ. ಕಾಕಾಗೆ ಪ್ಲೇಟು ಹಾಕಿದ ಎಡಗೈಯಿಂದಲೇ ಎಳೆಯಲು ಹೇಳಿದೆ. ಅವರು ಹಲ್ಲು ಕಚ್ಚಿ ಎಳೆದರು. ಹದಿಮೂರು. ಗಾಡಿ ಸರಿ ಇದ್ದರೆ ಅದು ಮೂರು ನಾಲ್ಕರ ಮೇಲೆ ಏರಬಾರದು.

“ಅಂದ್ರ?” ಅಂದರು ಕಾಕಾ.

“ಅಂದ್ರ ನಿಮ್ಮ ಕೈಯ್ದಲ್ಲ, ಗಾಡಿದು. ಕೆಳಗ ಇಳೀರಿ, ಇನ್ನೂ ಕೆಲಸ ಅದ.”

ಅವರು ಇಳಿಯಲಿಲ್ಲ. ಮುಳ್ಳನ್ನೇ ನೋಡುತ್ತ ಇನ್ನೊಂದು ಸಲ ಎಳೆದು ನೋಡಿದರು.

ಪಂಪು ಕೆಲಸ ಮಾಡುವ ರೀತಿ ಇಷ್ಟು. ಎಂಜಿನ್ ಬೆಲ್ಟಿನ ಮೂಲಕ ಅದನ್ನು ತಿರುಗಿಸುತ್ತದೆ. ಅದರ ಹೊಟ್ಟೆ ಪೂರ್ತಿ ಗುಂಡಗಿಲ್ಲ, ತತ್ತಿಯ ಆಕಾರ. ಒಳಗೆ ಒಂದು ಗುಂಡನೆಯ ಗಡ್ಡೆ, ಗಡ್ಡೆಯ ಸುತ್ತ ಸೀಳುಗಳು, ಸೀಳಿನೊಳಗೆ ತೆಳ್ಳನೆಯ ಉಕ್ಕಿನ ಪಟ್ಟಿಗಳು. ಗಡ್ಡೆ ತಿರುಗಿದಾಗ ಪಟ್ಟಿಗಳು ಹೊರಗೆ ಸರಿದು ಗೋಡೆಗೆ ಅಂಟಿಕೊಂಡೇ ಓಡುತ್ತವೆ. ಹೊಟ್ಟೆ ಅಗಲ ಆಗುವ ಕಡೆ ಎರಡು ಪಟ್ಟಿಗಳ ನಡುವೆ ಜಾಗ ಹೆಚ್ಚಾಗಿ ಎಣ್ಣೆ ಒಳಗೆ ಬರುತ್ತದೆ. ಹೊಟ್ಟೆ ಸಣ್ಣ ಆಗುವ ಕಡೆ ಅದೇ ಎಣ್ಣೆ ಹಿಂಡಿಕೊಂಡು ಹೊರಗೆ ಹಾರುತ್ತದೆ. ಆ ಜೋರು ಸ್ಟೇರಿಂಗ್ ಬಾಕ್ಸಿಗೆ ಹೋಗಿ, ಡ್ರೈವರ್ ಎತ್ತ ತಿರುಗಿಸಿದರೆ ಅತ್ತ ತಾನೂ ನೂಕುತ್ತದೆ. ಕೈ ದಾರಿ ತೋರಿಸಿದರೆ ಸಾಕು, ಭಾರ ಎಣ್ಣೆಯದು. ನೂಕುವುದರಲ್ಲಿ ಈ ಪಂಪು ಭಾರೀ ಪೈಲ್ವಾನ. ಎಳೆದುಕೊಳ್ಳುವುದರಲ್ಲಿ ಮಾತ್ರ ಭಾಳ ಬಡವ. ಮೇಲಿನ ಟ್ಯಾಂಕಿನಿಂದ ಎಣ್ಣೆ ತಾನಾಗಿ ಇಳಿದು ಬಂದರೆ ಸರಿ, ಅಡ್ಡಿಯಾದರೆ ಅದಕ್ಕೆ ಉಪವಾಸ. ಉಪವಾಸ ಬಿದ್ದರೆ ಎಣ್ಣೆಯೊಳಗೆ ಗುಳ್ಳೆ ಏಳುತ್ತವೆ, ಪಂಪು ಕೂಗುತ್ತದೆ, ಜೋರು ಬಿದ್ದುಹೋಗುತ್ತದೆ. ತಣ್ಣನೆಯ ಎಣ್ಣೆ ಮಂದ, ಕಾದ ಎಣ್ಣೆ ತೆಳು. ಅಡ್ಡಿ ಇದ್ದರೂ ಕಾದ ಎಣ್ಣೆ ಹೇಗೋ ನುಸುಳಿ ಬರುತ್ತದೆ.

ಇದೆಲ್ಲ ನನಗೆ ಹದಿನೆಂಟು ವರ್ಷದಿಂದ ಗೊತ್ತು. ಕೂಗು ಕೇಳಿದ ಕೂಡಲೇ ಅರ್ಥ ಆಗಬೇಕಿತ್ತು. ಆಗಲಿಲ್ಲ, ಪೈಪಿನೊಳಗೆ ರಬ್ಬರ್ ಹರಿದು ಜೋತುಬಿದ್ದಿರಬೇಕು ಅಂದುಕೊಂಡೆ. ಟ್ಯಾಂಕಿನಿಂದ ಪಂಪಿಗೆ ಬರುವ ಕಪ್ಪು ಪೈಪು ಬಿಚ್ಚಿ, ಅದರ ಜಾಗದಲ್ಲಿ ನನ್ನ ಪ್ಲಾಸ್ಟಿಕ್ ಪೈಪು ಕೂಡಿಸಿ, ಕ್ಲಿಪ್ಪು ಬಿಗಿದು ರೇಸ್ ಕೊಡಿಸಿದೆ. ಕಣ್ಣ ಮುಂದೆಯೇ ಪೈಪಿನ ಎರಡೂ ಮಗ್ಗುಲು ಒಳಗೆ ಸೇದಿಕೊಂಡು ಚಪ್ಪಟೆಯಾದವು. ಒಳಗೆ ಸೋಡಾದ ಹಾಗೆ ಬರೀ ಗುಳ್ಳೆ.

ಅಡ್ಡಿ ಪೈಪಿನಲ್ಲಿಲ್ಲ, ಅದಕ್ಕಿಂತ ಮೇಲೆ ಟ್ಯಾಂಕಿನ ಕೆಳಬಾಯಿಯಲ್ಲಿದೆ. ಟ್ಯಾಂಕಿನ ಬಾಯಿಯಲ್ಲಿ ಏನಿದೆ? ನಾನು ಕಟ್ಟಿದ ಬಟ್ಟೆ ಇದೆ.

ನಮ್ಮ ಕಡೆ ಸಿಮೆಂಟಿನ ಪುಡಿ, ಫರ್ಸಿ ಕಲ್ಲಿನ ಪುಡಿ ಗಾಳಿಯಲ್ಲೇ ಇರುತ್ತದೆ. ಒಣಗ ಹಾಕಿದ ಹಪ್ಪಳದ ಮೇಲೂ ಅದೇ, ಮಲಗಿದವರ ರೆಪ್ಪೆಯ ಮೇಲೂ ಅದೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಯಾವ ಮನೆಗೆ ಹೋಗಿ ನೋಡಿದರೂ ನಳದ ಬಾಯಿಗೆ ಒಂದು ಬಿಳಿ ಬಟ್ಟೆಯ ತುಂಡು ಕಟ್ಟಿರುತ್ತಾರೆ, ಕಸ ನಿಲ್ಲಲಿ ಅಂತ. ನಾನು ಶಹಾಬಾದಿನಲ್ಲಿ ಹುಟ್ಟಿ ವಾಡಿಯಲ್ಲಿ ಕೆಲಸ ಕಲಿತವನು. ಸ್ಟೇರಿಂಗಿನ ಟ್ಯಾಂಕಿಗೂ ನಳಕ್ಕೆ ಕಟ್ಟಿದ ಹಾಗೇ ಕಟ್ಟುವ ರೂಢಿ ಮಾಡಿಕೊಂಡಿದ್ದೆ. ಕೆಳಗಿನ ಮೂತಿಗೆ ಹಳೇ ಧೋತರದ ತುಂಡು ಹೊದಿಸಿ, ಅದರ ಮೇಲೆ ಪೈಪು ಏರಿಸಿ ಕ್ಲಿಪ್ಪು ಹಾಕುವುದು. ಕಂಪನಿಯವರಿಗೆ ನಮ್ಮ ಧೂಳು ಏನು ಗೊತ್ತು ಅಂತ ಜಂಬ ಬೇರೆ. ಕಾಕಾ ಕೆಲಸಕ್ಕೆ ಬರುವ ಹಿಂದಿನ ದಿನ ಈ ಬಸ್ಸಿನ ಪೈಪು ಸೋರುತ್ತಿದೆ ಅಂತ ಬದಲಿ ಡ್ರೈವರ್ ಬಂದಾಗ ಕಟ್ಟಿದ್ದೆ. ಹೊಸ ಪಂಪು ಹಾಕಿದಾಗ ಇನ್ನೊಂದು ಹೊಸ ತುಂಡು ಕಟ್ಟಿದ್ದೆ. ಅದಕ್ಕೇ ಒಂದು ವಾರ ಹಗುರ ಇದ್ದು ಮತ್ತೆ ಬಿಗಿದಿತ್ತು. ಈಗ ಇದೇ ಕೈಯಿಂದ, ಬಟ್ಟೆ ಇದ್ದ ಹಾಗೇ ಅದರ ಮೇಲೆ ಪ್ಲಾಸ್ಟಿಕ್ ಪೈಪು ಏರಿಸಿದ್ದೆ. ರೂಢಿ ಅಂದರೆ ಹಾಗೆ, ಕಣ್ಣಿಗೆ ಬಿದ್ದರೂ ಕಾಣುವುದಿಲ್ಲ.

ಕಾಕಾ ಕೈ ತೊಳೆಯಲು ನೀರು ತರುತ್ತೇನೆ ಅಂತ ಒಳಗೆ ಹೋಗಿದ್ದರು. ನಾನು ಬಟ್ಟೆ ಬಿಚ್ಚಿದೆ. ಬೂದು ಬಣ್ಣದ ಲೇಪ ಹತ್ತಿ ಚರ್ಮದ ಹಾಗೆ ದಪ್ಪ ಆಗಿತ್ತು. ಬೆಳಕಿಗೆ ಹಿಡಿದರೆ ಒಂದು ತೂತೂ ಕಾಣಲಿಲ್ಲ. ಮುದ್ದೆ ಮಾಡಿ ಪ್ಯಾಂಟಿನ ಕಿಸೆಗೆ ತುರುಕಿದೆ. ಯಾಕೆ ತುರುಕಿದೆ ಅಂತ ಕೇಳಿದರೆ, ಖರೇ ಹೇಳುತ್ತೇನೆ, ಬಚ್ಚಿಡಲಿಕ್ಕೇ ತುರುಕಿದೆ.

ಆಗಲೇ ಅಕ್ಕೋರು ಶಾಲು ಹೊದ್ದು ಹೊರಗೆ ಬಂದರು, ಹಿಂದೆ ತಂಬಿಗೆ ಹಿಡಿದು ಕಾಕಾ. “ಏನು ಸಿಕ್ತು ಮಿಸ್ತ್ರಿ?”

“ಏನಿಲ್ರಿ, ಒಳಗ ಜರಾ ಹವಾ ಹೊಕ್ಕಿತ್ತು. ತೆಗದೀನಿ. ಇನ್ನ ಹಗುರ ಆಗ್ತದ” ಅಂದೆ.

“ಛಲೋ ಆತು. ಹೊಸಬನಿಗೆ ತೊಂದ್ರಿ ಆಗೂದಿಲ್ಲ.”

“ಹೊಸಬ ಯಾಕ್ರಿ? ಗಾಡಿದೇ ತಪ್ಪಿತ್ತಲ್ಲ.”

“ಜರಾ ಹವಾ ಹೊಕ್ಕದ್ದಕ್ಕ ಗಾಡಿ ಕಂಬಕ್ಕ ಹೋಗ್ತದೇನಪಾ? ಗಟ್ಟಿ ಕೈ ಇದ್ದಿದ್ರ ತಿರುಗಿಸ್ತಿತ್ತು.” ಇಷ್ಟು ಹೇಳಿ ಅವರು ಕಾಕಾ ಕಡೆ ತಿರುಗಿದರು, ದನಿ ಇಳಿಸಿದರು. “ಬ್ಯಾಸರ ಮಾಡ್ಕೋಬ್ಯಾಡ್ರಿ ಕಾಕಾ. ನಿಮಗ ಏನೂ ಕಡಿಮಿ ಮಾಡೂದಿಲ್ಲ ನಾ.”

“ಇರ್ಲಿ ಬಿಡ್ರಿ ಅಕ್ಕೋರ, ನಿಮ್ಮದೇನು ತಪ್ಪು” ಅಂದರು ಕಾಕಾ. ಹಾಗೆ ಅನ್ನುತ್ತಲೇ ನನ್ನ ಕೈಗೆ ನೀರು ಹಾಕಲು ಬಗ್ಗಿದರು, ಎಡಗೈಯಲ್ಲಿ ತಂಬಿಗೆ ಹಿಡಿದು.

ಕಿಸೆಯಿಂದ ಆ ಮುದ್ದೆ ತೆಗೆದು ಬಾನೆಟ್ಟಿನ ಮೇಲೆ ಹರವಿದೆ.

“ಹವಾ ಅಲ್ರಿ ಅಕ್ಕೋರ. ಸುಳ್ಳು ಹೇಳ್ದೆ. ಇದು ನಾ ಕಟ್ಟಿದ್ದ ಬಟ್ಟಿ. ಎರಡು ಸಲನೂ ನಾನೇ ಕಟ್ಟೀನಿ. ಇದರಾಗ ಕಸ ತುಂಬಿ ಪಂಪಿಗಿ ಎಣ್ಣಿ ಹೋಗಲಾರದಂಗ ಆಗಿತ್ತು. ಕಂಬಕ್ಕ ಹೋದದ್ದು ಕಾಕಾನ ಕೈಯಿಂದ ಅಲ್ಲ, ನನ್ನ ಕೈಯಿಂದ.”

ಅಕ್ಕೋರು ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಬೈಗುಳಕ್ಕೆ ನಾನು ಮೈ ಗಟ್ಟಿ ಮಾಡಿಕೊಂಡು ನಿಂತೆ. ಅವರು ಬೈಯಲಿಲ್ಲ.

“ಮತ್ತ ಕಟ್ಟು” ಅಂದರು.

“ಏನ್ರಿ?”

“ಅದೇ ಬಟ್ಟಿ, ಅಲ್ಲೇ ಕಟ್ಟು. ನನ್ನ ಕಣ್ಲೆ ನೋಡ್ತೀನಿ. ನಿನ್ನೆ ಗಾಡಿದಾಗ ಏನೂ ಇಲ್ಲ ಅಂದಿ, ಈಗ ಹವಾ ಅಂದಿ, ಈಗ ಬಟ್ಟಿ ಅಂತಿ. ನಿನ್ನ ಮಾತು ನಂಬಿ ಮಂದಿನ ಕುಂದ್ರಿಸ್ಲೇನು?”

ಕಟ್ಟಿದೆ. ಎಣ್ಣೆ ಇನ್ನೂ ತಣ್ಣಗೇ ಇತ್ತು. ಅಕ್ಕೋರು ಶಾಲು ಸೊಂಟಕ್ಕೆ ಬಿಗಿದು ಡ್ರೈವರ್ ಸೀಟಿಗೆ ಹತ್ತಿದರು, ಕಾಂಟಾ ಸಿಕ್ಕಿಸಿ ಎರಡೂ ಕೈಯಿಂದ ಎಳೆದರು. ಮುಳ್ಳು ಹನ್ನೆರಡು ದಾಟಿದ ಮೇಲೆ ಚಕ್ರ ಅಲುಗಿತು. ಆಮೇಲೆ ಬಟ್ಟೆ ಬಿಚ್ಚಿ, ಮೂತಿ ಒರೆಸಿ, ಗಾಡಿಯ ಕಪ್ಪು ಪೈಪನ್ನೇ ಏರಿಸಿ, ಎಣ್ಣೆ ತುಂಬಿದೆ. ಮುಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದೆ. ಆ ಕೂಗು ನಿಂತುಹೋಯಿತು. ಗಾಡಿ ಇಳಿಸಿ, ಎಂಜಿನ್ ಪೂರ್ತಿ ಆರಲಿ ಅಂತ ಅಕ್ಕೋರೇ ಹೇಳಿದರು. ಮೂವರೂ ರೊಟ್ಟಿ ತಿಂದೆವು. ಬಹಳ ಹೊತ್ತು ಕಾದು, ಬಾನೆಟ್ಟಿನೊಳಗೆ ಕೈ ಇಟ್ಟು ತಣ್ಣಗಾಗಿದೆ ಅಂತ ನೋಡಿಕೊಂಡು, ಅಕ್ಕೋರು ಗಾಡಿ ಚಾಲೂ ಮಾಡಿಸಿ ಮತ್ತೆ ಕಾಂಟಾ ಎಳೆದರು. ಮೂರು.

ಅಕ್ಕೋರು ಕೆಳಗೆ ಇಳಿದರು. ಫೋನ್ ತೆಗೆದು ಯಾರಿಗೋ “ಸೋಮವಾರ ಬರೂದು ಬ್ಯಾಡಪಾ, ನಮ್ಮ ಡ್ರೈವರ್ ಅದಾರ” ಅಂದರು. ಆಮೇಲೆ ಕಾಕಾ ಎದುರಿಗೆ ನಿಂತು, “ಕಾಕಾ, ನಾನೂ ಮಂದಿ ಜೋಡಿ ಕೂಡಿ ಮಾತಾಡ್ದೆ. ಅದು ಹೊಟ್ಟ್ಯಾಗ ಇಟ್ಕೋಬ್ಯಾಡ್ರಿ” ಅಂದರು. ಕಾಕಾ ತಲೆ ಆಡಿಸಿದರು.

ನನ್ನ ಕಡೆ ತಿರುಗಿ ಅಕ್ಕೋರು ಒಂದೇ ಮಾತು ಕೇಳಿದರು. “ಇಂಥಾ ಬಟ್ಟಿ ಇನ್ನ ಎಷ್ಟು ಗಾಡಿಗಿ ಕಟ್ಟಿದಿ?”

ಆ ಸಂಜೆಯಿಂದ ಅದೇ ಕೆಲಸ ಹಿಡಿದೆ. ನೆನಪಾದವರಿಗೆಲ್ಲ ಫೋನ್ ಮಾಡಿದೆ. ಚಿತ್ತಾಪುರದ ಒಂದು ಟಿಪ್ಪರು, ಶಹಾಬಾದಿನಲ್ಲಿ ಫರ್ಸಿ ಸಾಗಿಸುವ ಲಾರಿಗಳು, ಕುಂಚಾವರಂ ಕಾಡಿನ ದಾರಿಯಲ್ಲಿ ಓಡಾಡುವ ಒಂದು ಜೀಪು. ಜೀಪಿನವನು ತೆಲುಗಿನಲ್ಲಿ ನಕ್ಕ, ಲಾರಿಯವರು ಕನ್ನಡದಲ್ಲಿ ಬೈದರು. “ಮಿಸ್ತ್ರಿ ಧೋತರ ಬಿಚ್ಚಲಿಕತ್ತಾನ” ಅಂತ ಸೇಡಂನಲ್ಲಿ ನನ್ನ ಮೇಲೆ ನಗೆಚಾಟಿಕೆ ಹಬ್ಬಿತು. ಹಬ್ಬಲಿ. ಎರಡು ಗಾಡಿ ಕೂಗಲು ಶುರು ಮಾಡಿದ್ದವು, ಉಳಿದವು ಇನ್ನೂ ಮಾಡಿರಲಿಲ್ಲ. ಎಲ್ಲವನ್ನೂ ಬಿಚ್ಚಿದೆ.

ಸೋಮವಾರ ಮುಂಜಾನೆ ಮಾತ್ರ ಮತ್ತೆ ಚಿಮ್ಮನಚೋಡಕ್ಕೆ ಹೋಗಿದ್ದೆ. ಯಾರೂ ಕರೆದಿರಲಿಲ್ಲ, ಮನೆಯಲ್ಲಿ ಕೂಡಲು ಆಗಲಿಲ್ಲ. ಕಾಕಾ ಗಾಡಿ ಹೊರಗೆ ತೆಗೆದರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಬಸ್ ಸ್ಟ್ಯಾಂಡಿನ ತಿರುವು ಬಂತು. ಹುಡುಗಿಯರ ಮಾತು ನಿಂತುಹೋಯಿತು, ಒಬ್ಬಳು ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡಳು. ಗಾಡಿ ಸಲೀಸಾಗಿ ತಿರುಗಿ, ಚಹಾದಂಗಡಿಯ ಕಂಬವನ್ನು ದೂರ ಬಿಟ್ಟು ರಸ್ತೆಗೆ ಹತ್ತಿತು. ಹಿಂದೆ ಕೂತ ನನ್ನ ಕಣ್ಣು ಒದ್ದೆಯಾದವು, ನಾಚಿಕೆ ಏನು ಹೇಳಲಿಕ್ಕೆ.

ಸೇಡಂನಲ್ಲಿ ಎಲ್ಲರೂ ಇಳಿದ ಮೇಲೆ ನಾನು ಕೊನೆಗೆ ಇಳಿದೆ. ಕಾಕಾ ಕಿಟಕಿಯಿಂದ ಹತ್ತಿರ ಬಾ ಅಂತ ಸನ್ನೆ ಮಾಡಿದರು. ಹೋದೆ. ಎಡಗೈ ಹೊರಗೆ ಚಾಚಿದರು. ನಾನು ಕೈ ಕೊಟ್ಟೆ. ಅವರು ಹಿಡಿದದ್ದು ಕೈಯನ್ನಲ್ಲ, ಮಣಿಕಟ್ಟನ್ನು. ಹಿಡಿದು ಹಿಚುಕತೊಡಗಿದರು. ಮೊದಲು ನಕ್ಕೆ. ಆಮೇಲೆ ಎಲುಬಿಗೆ ಹತ್ತಿತು.

“ಬಿಡ್ರಿ ಕಾಕಾ, ನೋಯ್ಲಿಕತ್ತದ.”

“ನೋಯ್ಲಿ. ಮೂರು ವಾರ ನನ್ನ ಕೈಗಿ ನಾನೇ ಬೈದೀನಿ. ನಿದ್ದಿಗಣ್ಣಾಗ ಸುದ್ದಾ ಬೈದೀನಿ.” ಹಿಡಿತ ಸಡಿಲ ಆಗಲಿಲ್ಲ. “ಇದರಾಗ ಜೋರ್ ಅದನೋ ಇಲ್ಲೋ ಹೇಳು.”

“ಅದ ಕಾಕಾ.”

“ಗಟ್ಟಿ ಹೇಳು.”

“ಅದ ಕಾಕಾ, ಭಾಳ ಅದ!” ಅಂತ ಬಸ್ ಸ್ಟ್ಯಾಂಡಿನ ಮಂದಿ ಎಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. ಆಗ ಬಿಟ್ಟರು.